ಇಬ್ರಾದ ಗ್ರೀಕರು

ಮಸ್ಕತ್ತಿನ ದಾರ್ಸೈಟಿನಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಮಣ್ಣಿನ ಮಡಿಕೆ ಇದೆ. ಅದರ ತಳದ ಹತ್ತಿರ ಕಡಲೆಕಾಳು ಹಿಡಿಸುವಷ್ಟು ಒಂದು ತೂತು. ಈಗ ಅದರಲ್ಲಿ ಕರಿಬೇವಿನ ಗಿಡವಿದೆ. ಈ ಬಿಸಿಲಲ್ಲಿ ಬದುಕುವುದೋ ಬೇಡವೋ ಎಂದು ಇನ್ನೂ ತೀರ್ಮಾನಕ್ಕೆ ಬಾರದ ಗಿಡ. ಬಂದವರೆಲ್ಲ, "ಹೆಚ್ಚಿನ ನೀರು ಹರಿದುಹೋಗಲೆಂದು ತೂತು ಹಾಕಿದಿರಾ?" ಎಂದು ಕೇಳುತ್ತಾರೆ. ಇಲ್ಲ ಸ್ವಾಮಿ. ಆ ತೂತು ಹಾಕಿದ್ದು ನನ್ನ ಬಾಯಿ ಮುಚ್ಚಿಸಲು.

ನಾನು ಗದುಗಿನವನು, ಮಾತಿನವನು. ಚಿಕ್ಕಂದಿನಲ್ಲಿ ಅವ್ವ ಶೇಂಗಾ ಸುಲಿಯಲು ಕೂತರೆ ಎದುರಿಗೆ ನನ್ನನ್ನು ಕೂಡಿಸಿಕೊಂಡು, "ನೀ ಏನರೆ ಮಾತಾಡಪಾ, ಕೈಗೆ ದಣಿವು ಗೊತ್ತಾಗೂದಿಲ್ಲ" ಎನ್ನುತ್ತಿದ್ದಳು. ನಾನು ಮಾತಾಡುತ್ತಿದ್ದೆ. ಬುಟ್ಟಿ ಅರ್ಧವಾಗುವಷ್ಟರಲ್ಲಿ ಅವ್ವ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದಳು. ಅದನ್ನು ನಾನು ನನ್ನ ವಾಕ್ಚಾತುರ್ಯದ ಮೊದಲ ಗೆಲುವೆಂದೇ ಭಾವಿಸಿದ್ದೆ. ಶಾಲೆಯ ಚರ್ಚಾಕೂಟದಲ್ಲಿ ಪರವೋ ವಿರೋಧವೋ ಯಾವುದಕ್ಕೆ ಆಳು ಕಡಿಮೆಯೋ ಅತ್ತ ನಾನು. ಸಮಯ ಮುಗಿಯಿತೆಂದು ಗಣಿತದ ಮಾಸ್ತರರು ಗಂಟೆ ಬಾರಿಸಿದರೆ ಅದನ್ನು ಚಪ್ಪಾಳೆಯ ಜಾತಿಗೆ ಸೇರಿಸಿಕೊಂಡು ಮುಂದುವರಿಯುತ್ತಿದ್ದೆ. ಒಮ್ಮೆ ಅವರು ವೇದಿಕೆ ಹತ್ತಿ ನನ್ನ ಅಂಗಿ ಹಿಡಿದು ಎಳೆದರು. ಅಂಗಿ ಅವರ ಕೈಗೆ ಹೋಯಿತು. ನಾನು ಬನಿಯನ್ನಿನಲ್ಲಿ ಉಪಸಂಹಾರ ಮಾಡಿದೆ.

ಇಂಥವನು ಮಸ್ಕತ್ತಿಗೆ ಬಂದು ವಾದಿ ಅದಾಯ್‌ನ ಒಂದು ಶೋರೂಮಿನಲ್ಲಿ ಟೈಲ್ಸು, ನಲ್ಲಿ, ಕಮೋಡು ಮಾರುತ್ತೇನೆ. ಒಂದು ನಲ್ಲಿ ಕೊಳ್ಳಲು ಬಂದವರು ನನ್ನಿಂದ ಪಾರಾಗಲು ಇಡೀ ಬಾತ್‌ರೂಮನ್ನೇ ಕೊಂಡು ಹೋದದ್ದುಂಟು. ಆದರೆ ನಮ್ಮ ಕನ್ನಡ ಕೂಟದವರು ಅಷ್ಟು ಸಹನೆಯುಳ್ಳವರಲ್ಲ. ರಾಜ್ಯೋತ್ಸವದಂದು ನಾನು ಸ್ವಾಗತ ಭಾಷಣ ಮಾಡುವುದರೊಳಗೆ ಬಿಸಿಬೇಳೆಭಾತ್ ತನ್ನ ಹೆಸರಿನ ಮೊದಲ ಭಾಗವನ್ನು ಕಳೆದುಕೊಂಡಿತ್ತು.

ಮುಂದಿನ ಸಭೆಗೆ ನನ್ನ ಮಗಳು ಅನಘಾ ಈ ಮಡಿಕೆಯೊಂದಿಗೆ ಬಂದಳು. ಅವಳ ಶಾಲೆಯಲ್ಲಿ ಪ್ರಾಚೀನ ಗ್ರೀಸಿನ ಬಗ್ಗೆ ಪ್ರಾಜೆಕ್ಟ್ ಇತ್ತಂತೆ. ಅಥೆನ್ಸಿನ ನ್ಯಾಯಸಭೆಯಲ್ಲಿ ಮಾತಾಡುವವನ ಪಕ್ಕ ನೀರು ತುಂಬಿದ ಮಡಿಕೆ ಇಡುತ್ತಿದ್ದರಂತೆ, ತಳದ ತೂತಿನಿಂದ ನೀರು ಸೋರಿ ಖಾಲಿಯಾದರೆ ಅವನ ಮಾತೂ ಖಾಲಿ. ನಾನು "ಮಾನ್ಯ ಅಧ್ಯಕ್ಷರೇ" ಎಂದು ಶುರುಮಾಡಿ, ಕನ್ನಡದ ಪ್ರಾಚೀನತೆಯನ್ನು ಇನ್ನೂ ಸರಿಯಾಗಿ ಮುಟ್ಟಿರಲಿಲ್ಲ, ಅವಳು ಮಡಿಕೆಯನ್ನು ಬೋರಲು ಮಾಡಿ ತೋರಿಸಿ, "ಅಪ್ಪಾ, ಯುವರ್ ವಾಟರ್ ಈಸ್ ಓವರ್" ಎಂದಳು. ಆ ದಿನ ಕೂಟಕ್ಕೆ ಬಿದ್ದ ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ.

ಅವಮಾನವಾದರೆ ಬೇರೆಯವರು ಸುಮ್ಮನಾಗುತ್ತಾರೆ. ನಾನು ಓದಲು ಕೂತೆ. ಓದಿದಷ್ಟೂ ನಾನು ತಪ್ಪು ಊರಿನಲ್ಲಿ, ತಪ್ಪು ಕಾಲದಲ್ಲಿ ಹುಟ್ಟಿದೆನೆಂದು ಖಾತ್ರಿಯಾಯಿತು. ಆ ಜನ ಗುಡ್ಡದ ಮೇಲೆ ಸಭೆ ಸೇರಿ, "ಯಾರಿಗೆ ಮಾತಾಡಬೇಕು?" ಎಂದು ಕರೆದು ಕೇಳುತ್ತಿದ್ದರಂತೆ! ನನ್ನ ಇಡೀ ಆಯುಷ್ಯದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿಲ್ಲ. ಸಭೆಗೆ ಬಾರದೆ ಪೇಟೆಯಲ್ಲಿ ಅಡ್ಡಾಡುವವರನ್ನು ಕೆಂಪುಬಣ್ಣದಲ್ಲಿ ಅದ್ದಿದ ಹಗ್ಗ ಹಿಡಿದು ದನಗಳಂತೆ ಅಟ್ಟಿಕೊಂಡು ಬರುತ್ತಿದ್ದರಂತೆ; ಬಟ್ಟೆಗೆ ಬಣ್ಣ ಹತ್ತಿದವನಿಗೆ ದಂಡ. ಶುಕ್ರವಾರ ಸಂಜೆ ರೂವಿಯ ಬೀದಿಯಲ್ಲಿ ಅಂಥ ಹಗ್ಗವೊಂದನ್ನು ಎಳೆದರೆ ನಮ್ಮ ಕೂಟಕ್ಕೆ ಎಷ್ಟು ಜನ ಸೇರಿಯಾರು ಎಂದು ಯೋಚಿಸಿ ನಾನು ರೋಮಾಂಚನಗೊಂಡೆ. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಕಡಲಿನೆದುರು ಭಾಷಣ ಅಭ್ಯಾಸ ಮಾಡಿ ಉಗ್ಗು ಗೆದ್ದವನೊಬ್ಬನಿದ್ದನಂತೆ. ನನಗೆ ಉಗ್ಗಿಲ್ಲ. ಆದರೂ ಇರಲಿ ಎಂದು ಮತ್ರಾದ ಕಡಲದಂಡೆಯಲ್ಲಿ ಖರ್ಜೂರದ ಬೀಜ ಬಾಯಲ್ಲಿಟ್ಟುಕೊಂಡು ನಿಂತೆ. ಒಂದು ಬೀಜ ಒಳಗೆ ಹೋಯಿತು. ಭಾಷಣ ಹೊರಗೆ ಬರಲಿಲ್ಲ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೆಂಡತಿ ವಿಜಯಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಹೆಣ್ಣುಮಕ್ಕಳೂ ಮಾತಾಡ್ತಿದ್ರೇನ್ರಿ ಸಭಾದಾಗ?"

"ಇಲ್ಲ. ಅವರಿಗೆ ಆ ಹಕ್ಕಿರಲಿಲ್ಲ."

"ಆಳುಮಕ್ಕಳು?"

"ಅವರಿಗೂ ಇಲ್ಲ. ಗುಲಾಮರು."

"ಹಂಗಾರ ಅಲ್ಲಿ ಮಾತಾಡ್ತಿದ್ದವರು ನಿಮ್ಮಂಥವರು ಅಷ್ಟ," ಎಂದು ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. "ಮನಿ ಕೆಲಸ ಇಲ್ಲದವರು."

ಹೀಗೆ ಭಾಷಣದ ದಾರಿ ಮುಚ್ಚಿದ ಮೇಲೆ ನಾನು ಅವರ ದುರಂತ ನಾಟಕಗಳಿಗೆ ಕೈಹಾಕಿದೆ. ಇದರಲ್ಲಿ ಮಡಿಕೆಯ ಕಾಟವಿಲ್ಲ. ಊರಿಗೆ ಊರೇ ಹಾಡಹಗಲಲ್ಲಿ ಗುಡ್ಡದ ಇಳಿಜಾರಿನಲ್ಲಿ ಕೂತು, ತಿಂಡಿ ತಿನ್ನುತ್ತ, ಯಾರೋ ಒಬ್ಬ ಅರಸ ಹಾಳಾಗುವುದನ್ನು ನೋಡುತ್ತಿತ್ತು. ನಡುವೆ ಒಂದು ಮೇಳ. ಅರಸನಿಗೆ ಬುದ್ಧಿ ಹೇಳುವುದು, ಅವನು ಕೇಳದಿದ್ದರೆ ಗೋಳಾಡುವುದು ಅದರ ಕೆಲಸ. ಖರ್ಚನ್ನೆಲ್ಲ ಊರಿನ ಒಬ್ಬ ಅನುಕೂಲಸ್ಥ ತನ್ನ ಕರ್ತವ್ಯವೆಂದು ಹೊರಬೇಕು. ಇಷ್ಟು ಓದಿದ ಕೂಡಲೇ ನನಗೆ ಹಮೀದಾಕ ನೆನಪಾದರು.

ಅವರ ಹೆಸರು ಹಮೀದ್. ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ನಮ್ಮ ಶೋರೂಮಿನ ಪಕ್ಕದಲ್ಲೇ ಅವರ ಟೈರಿನ ಅಂಗಡಿ. ಊರಿನವರು ಅಣ್ಣನೆಂಬ ಗೌರವದಿಂದ ಹಮೀದಾಕ ಎನ್ನುತ್ತಿದ್ದುದು ನಮ್ಮ ಬಾಯಿಗೂ ಬಂದಿತ್ತು. ದೊಡ್ಡ ದೇಹ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಪ್ರತಿ ಸಂಜೆ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದು, ಬಾಗಿಲಲ್ಲೇ "ಚಾ ಇಲ್ವಾ ಬಾಯಮ್ಮ?" ಎಂದು ವಿಜಯಾಳನ್ನು ಕರೆದು, ಕುಡಿದು, ಹೋಗುವವರು.

"ಖರ್ಚು ನಂದು ಇರ್ಲಿ," ಎಂದರು ಅವರು. "ಆದ್ರೆ ಅರಸ ನಾನೇ. ಮತ್ತೆ ಬೇರೆ ಯಾರಿಗಾದ್ರೂ ಕೊಟ್ರೆ ಆಗುದಿಲ್ಲ."

ನಾಟಕವನ್ನು ನಾನೇ ಬರೆದೆ. ಯುದ್ಧದಲ್ಲಿ ಸೋತ ಊರಿನ ಅರಸನೊಬ್ಬ, ಜನ ಅತ್ತೂ ಅತ್ತೂ ಮೆತ್ತಗಾಗುತ್ತಿದ್ದಾರೆಂದು, ಇನ್ನು ಯಾರೂ ಅಳಕೂಡದೆಂದು ಆಜ್ಞೆ ಹೊರಡಿಸುತ್ತಾನೆ. ಅಳುತ್ತ ಸಿಕ್ಕಿಬಿದ್ದ ಮೊದಲನೆಯವಳು ಅವನ ರಾಣಿಯೇ. ಅವಳನ್ನು ಊರಿನಿಂದ ಹೊರಗಟ್ಟುತ್ತಾನೆ, ಅವಳು ಸಾಯುತ್ತಾಳೆ, ಈಗ ಅವನಿಗೆ ಅಳು ಬರುತ್ತದೆ. ಗ್ರೀಕರಲ್ಲಿ ಸಾವು ರಂಗದ ಮೇಲೆ ನಡೆಯುವುದಿಲ್ಲ, ದೂತನೊಬ್ಬ ಓಡಿಬಂದು ವರ್ಣಿಸುತ್ತಾನೆ. ಆ ದೂತ ಯಾರೆಂದು ಹೇಳಬೇಕಾಗಿಲ್ಲ. ನನ್ನ ವರ್ಣನೆ ಏಳು ಪುಟವಿತ್ತು. ವಿಜಯಾ ಓದಿ, "ಇಷ್ಟೊತ್ತು ಹೇಳೂದಾದ್ರ ಆಕಿ ಬದುಕಿ ವಾಪಸ್ ಬರಬಹುದು" ಎಂದು ಐದು ಪುಟ ಹರಿದಳು. ರಾಣಿಯ ಪಾತ್ರ ಅವಳದೇ. ಅಥೆನ್ಸಿನಲ್ಲಿ ರಾಣಿಯ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರೆಂದು ತಿಳಿಸಿದ್ದೆ. ಹಾಗಾದರೆ ಅಥೆನ್ಸಿನಿಂದಲೇ ಯಾರನ್ನಾದರೂ ಕರೆಸಿ ಎಂದಿದ್ದಳು.

ಮೇಳಕ್ಕೆ ಏಸಿ ರಿಪೇರಿಯ ಶೆಟ್ಟರು ನಾಯಕ. ಅವರು ಪ್ರಾಮಾಣಿಕರು, ಆದ್ದರಿಂದ ಪ್ರಶ್ನೆ ಕೇಳುತ್ತಿದ್ದರು.

"ಅಲ್ಲ ದೇಸಾಯ್ರೆ, ಈ ಊರಲ್ಲಿ ಅಳ್ಬಾರ್ದು ಅಂತ ಅಲ್ವಾ? ಮತ್ತೆ ನಾವು ಇಷ್ಟು ಜನ ಅಯ್ಯೋ ಅಯ್ಯೋ ಅಂತ ಎಂತಕ್ಕೆ ಹೇಳುದು? ನಮ್ಮನ್ನು ಹಿಡಿಯುದಿಲ್ವಾ?"

"ಮೇಳವನ್ನು ಯಾರೂ ಹಿಡಿಯೂದಿಲ್ಲ ಶೆಟ್ಟರ."

"ಆಯ್ತು. ಆ ಅಮ್ಮನನ್ನು ಹೊರಗೆ ಹಾಕುವಾಗ ನಾವು ಹೋಗಿ ಅಡ್ಡ ನಿಂತ್ರೆ ಎಂತ?"

"ಮೇಳ ಅಡ್ಡ ನಿಲ್ಲೂದಿಲ್ಲ. ಬರೇ ಮಾತಾಡ್ತದ."

"ಹಾಗಾದ್ರೆ ನಾವು ಇದ್ದೂ ದಂಡ," ಎಂದರು ಶೆಟ್ಟರು. ಮೇಳದ ಉಳಿದವರು ಮೊದಲ ಬಾರಿಗೆ ಒಕ್ಕೊರಲಿನಿಂದ "ಹೌದು" ಎಂದರು.

ಮುಖವಾಡಗಳನ್ನು ಅನಘಾ ನಮ್ಮ ಶೋರೂಮಿನ ಟೈಲ್ಸಿನ ರಟ್ಟಿನಿಂದ ಕತ್ತರಿಸಿದಳು. ಬಣ್ಣ ತೆಳುವಾದಲ್ಲೆಲ್ಲ ರಟ್ಟಿನ ಮೇಲಿನ ಅಚ್ಚು ಇಣುಕುತ್ತಿತ್ತು. ಶೆಟ್ಟರ ಹಣೆಯ ಮೇಲೆ ಈ ಬದಿ ಮೇಲಿರಲಿ ಎಂಬ ಬಾಣದ ಗುರುತು.

ಆಟ ನಡೆದದ್ದು ಮಸ್ಕತ್ತಿನಿಂದ ಎರಡು ತಾಸಿನ ದಾರಿಯ ಇಬ್ರಾದಲ್ಲಿ. ಹಮೀದಾಕರ ಕಫೀಲ್, ಅಂದರೆ ಅವರ ಅಂಗಡಿಗೆ ಹೆಸರು ಕೊಟ್ಟ ಒಮಾನಿ ಯಜಮಾನ ಸಾಲಿಂ, ಅಲ್ಲಿಯವನು. ಊರಾಚೆ, ವಾದಿಯ ಆ ದಡದಲ್ಲಿ ಅವನ ಮನೆ, ಖರ್ಜೂರದ ತೋಟ. ವಾದಿ ಎಂದರೆ ವರ್ಷವಿಡೀ ಒಣಗಿದ ಕಲ್ಲುಗಳ ಹಾಸು. ಹೊಳೆಯ ಹೆಸರಿಟ್ಟುಕೊಂಡು ಮಲಗಿರುತ್ತದೆ. ತೋಟದ ಹಿಂದೆ ಇಳಿಜಾರು, ಇಳಿಜಾರಿನ ಕೆಳಗೆ ಅಂಗಳ. ಗ್ರೀಕರು ಹೇಳಿ ಮಾಡಿಸಿದಂತಿತ್ತು. ಶುಕ್ರವಾರದ ನಮಾಜು ಮುಗಿಸಿ ಆಟ, ಆಮೇಲೆ ಊಟ, ಸಂಜೆಗೆ ಮಸ್ಕತ್. ಹಮೀದಾಕರಿಗೆ ಅವತ್ತು ರಾತ್ರಿ ಮಂಗಳೂರಿಗೆ ವಿಮಾನವಿತ್ತು. ಮರುದಿನ ಮಧ್ಯಾಹ್ನ ಮಗಳು ಸಫಿಯಾಳ ನಿಕಾಹ್. ನಿಕಾಹಿನಲ್ಲಿ ಮಗಳನ್ನು ವರನಿಗೆ ಒಪ್ಪಿಸಿಕೊಡುವ ಮಾತನ್ನು ತಂದೆಯೇ ಆಡಬೇಕು. ಆ ಮಾತನ್ನೂ ಅವರು ನಾಟಕದ ಮಾತಿನ ಜೊತೆಗೇ ಅಂಗಡಿಯಲ್ಲಿ ಕಂಠಪಾಠ ಮಾಡುತ್ತಿದ್ದರು. ಟೈರು ಬದಲಿಸಲು ಬಂದವರಿಗೆ ಎರಡೂ ಕೇಳಿಸುತ್ತಿತ್ತು. "ನಾಟಕ ಮುಂದಕ್ಕೆ ಹಾಕೋಣ" ಎಂದರೆ ಒಪ್ಪಲಿಲ್ಲ. "ಪೆಟ್ಟಿಗೆ ಕಾರಲ್ಲೇ ಉಂಟು ಮಾರಾಯ್ರೆ. ಇಲ್ಲಿಂದ ಸೀದಾ ಏರ್‌ಪೋರ್ಟು."

ಆಟದ ಬಗ್ಗೆ ಹೆಚ್ಚು ಹೇಳಲಾರೆ. ಅಥೆನ್ಸಿನಲ್ಲಿ ಒಮ್ಮೆ ಒಂದು ನಾಟಕ ನೋಡಿ ಊರೇ ಅತ್ತುಬಿಟ್ಟಿತೆಂದು ಬರೆದವನಿಗೆ ದಂಡ ಹಾಕಿದರಂತೆ. ನನಗೆ ಆ ಭಯವಿರಲಿಲ್ಲ. ಹಮೀದಾಕ ನೇರಳೆ ಬಣ್ಣದ ಪರದೆ ಸುತ್ತಿಕೊಂಡು ಬಂದು, "ಇನ್ನು ಈ ಊರಿನಲ್ಲಿ ಯಾರೂ ಅಳಕೂಡದು!" ಎಂದ ಕೂಡಲೇ ಇಳಿಜಾರಿನಲ್ಲಿ ಕೂತ ಹೆಂಗಸರು ಮಕ್ಕಳೆಲ್ಲ ಆಜ್ಞೆಯನ್ನು ಪಾಲಿಸಿ ನಗತೊಡಗಿದರು, ಕೊನೆಯವರೆಗೂ ನಿಲ್ಲಿಸಲಿಲ್ಲ. ಸಾಲಿಂಗೆ ಭಾಷೆ ತಿಳಿಯದಿದ್ದರೂ ಎಲ್ಲರಿಗಿಂತ ಮುಂದೆ ಕೂತು ನಕ್ಕ. ಅವನಿಗೆ ಹಿಡಿಸಿದ್ದು, ದೂತನ ಮಾತು ಅಳೆಯಲೆಂದು ಅನಘಾ ಹೊತ್ತು ತಂದಿದ್ದ ಮಡಿಕೆ. ಅವಳು ಅದರ ವಿಷಯ ತಿಳಿಸಿದಾಗ ಹಿಂದಿಯಲ್ಲಿ ನನಗೆ ಹೇಳಿದ: "ನೀವು ನೀರಿನಿಂದ ಮಾತು ಅಳೆಯುವವರು. ನಾವು ಇಲ್ಲಿ ಹೊತ್ತಿನಿಂದ ನೀರು ಅಳೆಯುವವರು. ನನ್ನ ತೋಟಕ್ಕೆ ಕಾಲುವೆ ಬಿಡುವುದು ನೆರಳು ಆ ಕಲ್ಲಿಗೆ ಬಂದಾಗ, ತಿರುಗಿಸುವುದು ಈ ಕಲ್ಲಿಗೆ ಬಂದಾಗ." ಅಷ್ಟು ಹೇಳಿ ಊಟಕ್ಕೆ ಎಬ್ಬಿಸಿದ. ಇಡೀ ಆಡು, ಬೆಟ್ಟದಷ್ಟು ಅನ್ನ. ಅವನ ಮನೆಯಲ್ಲಿ ಬೇಗ ಎದ್ದು ಹೋಗುವುದೆಂದರೆ ಬೈದು ಹೋದ ಹಾಗೆ.

ಊಟ ಮುಗಿಸಿ ಹೊರಟಾಗ ನಮ್ಮ ತಲೆಯ ಮೇಲೆ ಶುಭ್ರ ಆಕಾಶ. ದೂರದ ಗುಡ್ಡಗಳ ಮೇಲೆ ಮಾತ್ರ ಕಪ್ಪು ಮೋಡ, ಮಳೆ. ವಾದಿಯ ಹತ್ತಿರ ಬಂದರೆ, ಬೆಳಿಗ್ಗೆ ನಾವು ಕಾರು ಓಡಿಸಿಕೊಂಡು ಬಂದ ರಸ್ತೆ ಇರಲಿಲ್ಲ. ಆ ಜಾಗದಲ್ಲಿ ಚಹಾದ ಬಣ್ಣದ ನೀರು, ನೊರೆ, ಬೇರುಸಹಿತ ಬರುತ್ತಿದ್ದ ಒಂದು ಖರ್ಜೂರದ ಮರ.

"ಖಲಾಸ್," ಎಂದ ಸಾಲಿಂ. "ವಾದಿ ಬಂತು. ಬೆಳಿಗ್ಗೆ ನೋಡೋಣ."

"ಬೆಳಿಗ್ಗೆ ನಾನು ಮಂಗಳೂರಲ್ಲಿ ಇರ್ಬೇಕು," ಎಂದು ಹಮೀದಾಕ ತಮ್ಮ ಫೋರ್‌ವೀಲ್ ಕಾರು ಹತ್ತಿದರು. ಮೈಮೇಲೆ ಇನ್ನೂ ಪರದೆ. "ನೀರು ಚಕ್ರ ಮುಳುಗುವಷ್ಟೂ ಇಲ್ಲ. ಇಂಥದ್ದು ಎಷ್ಟು ದಾಟಿದ್ದೇನೆ ನಾನು."

ಎಲ್ಲರೂ ಕಿಟಕಿಗೆ ಮುತ್ತಿಕೊಂಡು ಬೇಡ ಬೇಡ ಎಂದರು. ಇದು ನನ್ನ ಗಳಿಗೆ ಎಂದು ನನಗನ್ನಿಸಿತು. ಜೀವಮಾನವೆಲ್ಲ ಸಿದ್ಧನಾಗುತ್ತ ಬಂದದ್ದು ಈ ಒಂದು ಭಾಷಣಕ್ಕೆ. ಮೊದಲು ಕಾನೂನು ಹೇಳಿದೆ, ಪೊಲೀಸರು ಹಿಡಿಯುತ್ತಾರೆ ಎಂದೆ. ಆಮೇಲೆ ನೀರಿನ ವೇಗ. ಆಮೇಲೆ, "ಮಗಳ ಮದುವಿ ದಿನ ಆಕಿಗೆ ಎಂಥಾ ಸುದ್ದಿ ಹೋಗಬೇಕಂತೀರಿ ಹಮೀದಾಕ?" ಎಂದೆ. ಎಲ್ಲ ಸರಿಯಾದ ಮಾತೇ. ಆದರೆ ಒಂದೊಂದು ಮಾತಿಗೂ ಅವರ ಮುಖ ಬಿಗಿಯುತ್ತ ಹೋಯಿತು.

"ನೀವು ನನ್ನ ಮಗಳ ವಿಷಯ ಮಾತಾಡ್ಬೇಡಿ," ಎಂದರು. ಅವರು ಹಾಗೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಾರು ಶುರುವಾಯಿತು. ಮುಂದೆ ಸರಿಯಿತು. ಮುಂದಿನ ಚಕ್ರಕ್ಕೆ ನೀರು ತಾಗಿತು.

ನಾನು ಮುಂದಿನ ವಾಕ್ಯಕ್ಕೆ ಉಸಿರೆಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಿಜಯಾ ಸೀರೆ ಎತ್ತಿ ಹಿಡಿದು ನೀರಿಗಿಳಿದು, ಆಚೆಯ ಬಾಗಿಲು ತೆರೆದು, ಮುಂದಿನ ಸೀಟಿನಲ್ಲಿ ಕೂತಳು.

"ಎಂತ ಮಾಡ್ತೀರಿ ನೀವು? ಇಳೀರಿ!"

"ನಾನೂ ಬರ್ತೀನ್ರಿ ಹಮೀದಾಕ. ಮದುವಿ ಮನಿಗೆ ಹೊಂಟೀರಿ. ಒಬ್ರ ಯಾಕ ಹೋಗ್ತೀರಿ?"

"ಬಾಯಮ್ಮ, ತಮಾಷೆ ಬೇಡ."

"ನಾ ಎಲ್ಲಿ ತಮಾಷೆ ಮಾಡೀನಿ? ನೀರು ಚಕ್ರದಷ್ಟೂ ಇಲ್ಲ ಅಂದ್ರಲ್ಲ. ನಡೀರಿ. ಯಲ್ಲಾ."

ಅನಘಾ ಓಡಿದಳು. ಹಿಂದಿನ ಬಾಗಿಲು ತೆರೆದು, "ಅಪ್ಪಾ, ಅಮ್ಮ ಈಸ್ ಗೋಯಿಂಗ್, ಐಯಾಮ್ ಗೋಯಿಂಗ್" ಎಂದು ಕೂತಳು. ಅವಳ ಹಿಂದೆ ಶೆಟ್ಟರು, ಮೇಳದ ವೇಷದ ಬಿಳಿ ಚಾದರ ಮೊಣಕಾಲಿಗೆ ಸುತ್ತಿಕೊಂಡು. ಅವರ ಹಿಂದೆ ಶೆಟ್ಟರ ಹೆಂಡತಿ. ಮೇಳ ಒಳಗೆ ಹಿಡಿಸಿದಷ್ಟೂ ಒಳಗೆ, ಉಳಿದದ್ದು ಬಾಗಿಲುಗಳಿಗೆ ಜೋತುಬಿದ್ದು. ನಾನು ಹೋಗುವಷ್ಟರಲ್ಲಿ ಜಾಗವಿರಲಿಲ್ಲ. ಹಿಂಬದಿಯ ಏಣಿ ಹಿಡಿದು ನಿಂತೆ. ನೀರಿನ ಸದ್ದು ಒಂದೇ.

ಹಮೀದಾಕ ಕನ್ನಡಿಯಲ್ಲಿ ಹಿಂದೆ ನೋಡಿದರು. ಪಕ್ಕಕ್ಕೆ ನೋಡಿದರು. ವಿಜಯಾ ಎದುರಿಗೆ ನೋಡುತ್ತಿದ್ದಳು. ಅವರು ಒಮ್ಮೆ ಆಕ್ಸಿಲರೇಟರ್ ಒತ್ತಿದರು, ಕಾರು ಗುರ್ರೆಂದಿತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಅದು ಹಿಂದಕ್ಕೆ ಸರಿದು, ಒಣ ನೆಲಕ್ಕೆ ಬಂದು ನಿಂತಿತು. ಅವರು ಕೀ ತೆಗೆದು ಕಲ್ಲುಗಳ ನಡುವೆ ಎಸೆದು, ಇಳಿದು, ನಮಗೆ ಬೆನ್ನು ಹಾಕಿ ಕೂತರು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಕತೆಯನ್ನು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಆಚೆಯ ದಡದಲ್ಲಿ ಒಂದು ಪಿಕಪ್ ಕಾಣಿಸಿತು. ಯಾರೋ ಒಬ್ಬನೇ ಇದ್ದ. ನೀರಿಗೆ ಇಳಿಸಿದ. ನಡುವೆ ಒಮ್ಮೆ ವಾಲಿತು, ಮತ್ತೆ ನೆಟ್ಟಗಾಯಿತು, ಈಚೆಗೆ ಬಂದು, ನಮ್ಮ ಚಾದರ ಮುಖವಾಡಗಳನ್ನು ಬೆರಗಿನಿಂದ ನೋಡಿ ಸಲಾಂ ಹೇಳಿ ಹೋಯಿತು. ಹಮೀದಾಕ ಎದ್ದು ನಿಂತು ಅದು ಹೋದ ದಾರಿಯನ್ನೇ ನೋಡಿದರು. ಕಲ್ಲುಗಳ ನಡುವೆ ಕೀ ಹುಡುಕತೊಡಗಿದರು. ಅದು ಸಿಗುವಷ್ಟರಲ್ಲಿ ಕತ್ತಲಾಗಿತ್ತು. ನೀರು ಏರಿತ್ತೋ ಇಳಿದಿತ್ತೋ ಯಾರಿಗೂ ಕಾಣುತ್ತಿರಲಿಲ್ಲ.

ಮರುದಿನ ಮಧ್ಯಾಹ್ನದವರೆಗೂ ವಾದಿ ಬಿಡಲಿಲ್ಲ. ನಿಕಾಹ್ ಉಪ್ಪಿನಂಗಡಿಯಲ್ಲಿ ನಡೆಯಿತು, ನಾವು ಅದನ್ನು ಸಾಲಿಂನ ಮನೆಯ ದಿವಾನಖಾನೆಯಲ್ಲಿ ಕೂತು ಕೇಳಿದೆವು. ದಿಂಬಿನ ಮೇಲೆ ಫೋನು. ಹಮೀದಾಕ ಸಾಲಿಂನ ಬಿಳಿ ನಿಲುವಂಗಿ ತೊಟ್ಟಿದ್ದರು, ತೋಳು ಗಿಡ್ಡವಾಗಿತ್ತು. ಸುತ್ತಲೂ ನಾವು, ಬೇರೆ ಬಟ್ಟೆಯಿಲ್ಲದೆ ಹಿಂದಿನ ದಿನದ ಗ್ರೀಕರಾಗಿಯೇ ಉಳಿದವರು. ಮಗಳನ್ನು ಒಪ್ಪಿಸುವ ಮಾತನ್ನು ಅವರು ತಮ್ಮ ತಮ್ಮನಿಗೆ ವಹಿಸಿಕೊಡಬೇಕಿತ್ತು. ಖಾಜಿ ಫೋನಿನಲ್ಲಿ ಕೇಳಿದರು. "ಹೌದು, ನನ್ನ ಬದಲು ಅವನು ಹೇಳ್ಲಿ," ಎಂದರು ಹಮೀದಾಕ. ಇಷ್ಟೇ. ಅಷ್ಟು ಸಣ್ಣ ದನಿ ಆ ದೇಹದಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಆಚೆಯಿಂದ ತಮ್ಮನ ದನಿ, ವರನ ದನಿ, ದುವಾ, ಗದ್ದಲ. ಸಾಲಿಂ ಕೈಯೆತ್ತಿ ಆಮೀನ್ ಎಂದ, ಹಲ್ವದ ತಟ್ಟೆ ಮುಂದಿಟ್ಟ. ನಾವೆಲ್ಲ ತಿಂದೆವು. ಹಮೀದಾಕ ತಿನ್ನಲಿಲ್ಲ.

ಅವರು ಊರಿಗೆ ಹೋದರು, ಔತಣಕ್ಕೆ ಮಾತ್ರ ಸಿಕ್ಕರು, ಮರಳಿ ಬಂದರು. ನಮ್ಮ ಮನೆಗೆ ಬರಲಿಲ್ಲ. ಅಂಗಡಿಯ ಮುಂದೆ ನಾನು ಕಂಡರೆ ಟೈರುಗಳ ಹಿಂದೆ ಹೋಗುತ್ತಿದ್ದರು. ಶೆಟ್ಟರ ಹತ್ತಿರ ಮಾತ್ರ, "ಪಿಕಪ್ ದಾಟಿತು ಅಲ್ವಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಸಂಜೆ ಚಹಾ ಸೋಸುವಾಗ ವಿಜಯಾ ಒಂದು ಲೋಟ ಹೆಚ್ಚು ಇಟ್ಟು, ನೋಡಿ, ತೆಗೆದಿಡುತ್ತಿದ್ದಳು.

ಒಂದು ದಿನ ಬಾಗಿಲು ತೆರೆದರೆ ಎಳೆಯ ದಂಪತಿ, ಕೈಯಲ್ಲಿ ಸಿಹಿಯ ಡಬ್ಬಿ. ಮೆಟ್ಟಿಲ ಮೇಲೆ, ಹಿಂದೆ, ಹಮೀದಾಕ. ಮಗಳು ಅಳಿಯ ವಿಸಿಟ್ ವೀಸಾದಲ್ಲಿ ಬಂದಿದ್ದರು. ಸಫಿಯಾ ತಾನೇ ಹಟ ಹಿಡಿದು ಬಂದಳೆಂದು ನಂತರ ತಿಳಿಯಿತು. ಒಳಗೆ ಬಂದವಳು ನೇರ ವಿಜಯಾಳ ಎದುರು ನಿಂತಳು.

"ಅವತ್ತು ಕಾರಲ್ಲಿ ಹತ್ತಿ ಕೂತದ್ದು ನೀವಾ ಆಂಟಿ?"

ವಿಜಯಾ ಹೌದೆಂದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. "ನಿನ್ನ ಮದುವಿಗೆ ನಿಮ್ಮ ಅಪ್ಪಾರನ್ನ ಬಿಡಲಿಲ್ಲ ನಾನು. ನಿನಗ ಸಿಟ್ಟು ಬಂದಿದ್ರ..."

"ಪಿಕಪ್ ದಾಟಿತ್ತು," ಎಂದರು ಹಮೀದಾಕ, ಯಾರನ್ನೂ ನೋಡದೆ. "ನನ್ನ ಕಣ್ಣಾರೆ ನೋಡಿದ್ದು. ನಾನೂ ದಾಟ್ತಿದ್ದೆ."

ಸಫಿಯಾ ಅವರತ್ತ ತಿರುಗಿದಳು.

"ದಾಟ್ತಿದ್ರಿ ಉಪ್ಪಾ. ನೀವು ದಾಟ್ತಿದ್ರಿ. ಆದ್ರೆ ನೀವು ದಾಟಿದ್ರಿ ಅಂತ ಗೊತ್ತಾಗುವವರೆಗೆ ನಾನು ಅಲ್ಲಿ ಫೋನ್ ಹಿಡ್ಕೊಂಡು ಎಂತ ಮಾಡ್ಲಿಕ್ಕಿತ್ತು?"

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನಾನು ಅಲ್ಲೇ ಇಟ್ಟುಕೊಂಡೆ. ಹಮೀದಾಕ ಸೋಫಾದ ಅಂಚಿನಲ್ಲಿ ಕೂತು, ಮೊಣಕಾಲ ಮೇಲೆ ಅಂಗೈ ಊರಿ, ನೆಲದ ಟೈಲ್ಸನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿದರು.

"ಚಾ ಇಲ್ವಾ ಬಾಯಮ್ಮ?"